ತಳ್ಳಿಹಾಕಿದ ಮೊರೆಗೆ ಮತ್ತೊಮ್ಮೆ ಕಿವಿ

ಪವಿತ್ರ ಕುಟುಂಬದ ಹಬ್ಬದಂದು ನಾವು ಮಗುವನ್ನು ಎತ್ತಿಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟ ಜೋಸೆಫ್ ಮತ್ತು ಮರಿಯರನ್ನು ಸ್ಮರಿಸುತ್ತೇವೆ. ಗಡಿಯಲ್ಲಿ ಯಾರಾದರೂ ಅವರನ್ನು ತಡೆದು, "ಹೆರೋದನು ನಿಮ್ಮ ಮಗುವನ್ನು ಕೊಲ್ಲುತ್ತಾನೆಂಬುದಕ್ಕೆ ಪುರಾವೆ ಏನು?" ಎಂದು ಕೇಳಿದ್ದರೆ? ಒಂದು ಕನಸಿನ ಹೊರತು ತೋರಿಸಲು ಅವರ ಬಳಿ ಏನಿತ್ತು? ಇಂದು ಆಶ್ರಯ ಕೋರಿ ಬರುವ ಪ್ರತಿಯೊಬ್ಬರಿಗೂ ಈ ಪ್ರಶ್ನೆ ಎದುರಾಗುತ್ತದೆ.

ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣದಿಂದ ಹಿಂಸೆಗೊಳಗಾಗುವ ಸಕಾರಣ ಭಯವುಳ್ಳವರನ್ನು 1951ರ ನಿರಾಶ್ರಿತರ ಒಪ್ಪಂದವು ನಿರಾಶ್ರಿತರೆಂದು ಗುರುತಿಸುತ್ತದೆ. ಅಂಥವರನ್ನು ಅಪಾಯದ ನಾಡಿಗೆ ಮರಳಿ ತಳ್ಳಬಾರದೆನ್ನುತ್ತದೆ. ಆದರೆ ಅಧಿಕಾರಿಯು ಆ ಭಯವನ್ನು ನಂಬದೆ ಕೋರಿಕೆಯನ್ನು ತಿರಸ್ಕರಿಸಿದರೆ ಏನು ಗತಿ?

ಶ್ರೀಲಂಕಾದ ಐವರು ತಮಿಳು ಯುವಕರ ಪ್ರಕರಣ ಇದಕ್ಕೆ ಉತ್ತರ ಹೇಳುತ್ತದೆ. 1987ರಲ್ಲಿ ಅವರು ಬ್ರಿಟನ್ನಿಗೆ ಬಂದು ಆಶ್ರಯ ಬೇಡಿದರು. ಸರ್ಕಾರ ಒಪ್ಪಲಿಲ್ಲ. ಮನಸ್ಸಿನಲ್ಲಿ ಭಯವಿದ್ದರೆ ಸಾಲದು, ಹಿಂಸೆಯ ನಿಜವಾದ ಸಂಭವವೂ ಇರಬೇಕೆಂದು 1987ರ ಡಿಸೆಂಬರಿನಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. 1988ರ ಫೆಬ್ರವರಿಯಲ್ಲಿ ಅವರನ್ನು ವಾಪಸು ಕಳುಹಿಸಲಾಯಿತು.

ಅಂದಿನ ಕಾನೂನಿನಲ್ಲಿ ಒಂದು ವಿಚಿತ್ರವಿತ್ತು. ನಿರ್ಧಾರ ಕಾನೂನುಬದ್ಧವಾಗಿ ನಡೆಯಿತೇ ಎಂಬುದನ್ನು ಮಾತ್ರ ಬ್ರಿಟನ್ನಿನಲ್ಲಿದ್ದುಕೊಂಡು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದಿತ್ತು. ಭಯ ನಿಜವೇ ಎಂದು ಮತ್ತೆ ವಿಚಾರಿಸುವ ಮೇಲ್ಮನವಿಯನ್ನು ಅವರು ದೇಶ ಬಿಟ್ಟ ಮೇಲೆಯೇ ಸಲ್ಲಿಸಬೇಕಿತ್ತು. ಅಂದರೆ, ಹೆದರಿ ಓಡಿಬಂದ ಸ್ಥಳದಿಂದಲೇ! ಅವರು ಹಾಗೆಯೇ ಸಲ್ಲಿಸಿದರು. 1989ರ ಮಾರ್ಚಿನಲ್ಲಿ ವಿಚಾರಣಾಧಿಕಾರಿಯು ಅವರ ಭಯಕ್ಕೆ ಆಧಾರವಿತ್ತೆಂದು ತೀರ್ಪಿತ್ತರು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ಬ್ರಿಟನ್ನಿಗೆ ಮರಳಿದರು. ಅಷ್ಟರಲ್ಲಿ ಮೂವರು ತಾವು ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು.

1991ರಲ್ಲಿ ಸ್ಟ್ರಾಸ್‌ಬರ್ಗಿನ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು, ಅಂದು ತಿಳಿದಿದ್ದ ಸಂಗತಿಗಳ ಮೇಲೆ ಬ್ರಿಟನ್ ಇದನ್ನು ಮುಂಗಾಣಲು ಸಾಧ್ಯವಿರಲಿಲ್ಲವೆಂದು ಹೇಳಿ ಅವರ ದೂರನ್ನು ಒಪ್ಪಲಿಲ್ಲ. ಆದರೂ 1993ರ ಕಾಯಿದೆಯು ದೇಶದೊಳಗಿದ್ದೇ ಮೇಲ್ಮನವಿ ಸಲ್ಲಿಸುವ ಹಕ್ಕನ್ನು ಆಶ್ರಯ ಕೋರುವವರಿಗೆ ನೀಡಿತು.

ಧರ್ಮದ ವಿಷಯದಲ್ಲೂ ಇಂಥದೇ ಪ್ರಶ್ನೆ ಎದ್ದಿತು. ಪಾಕಿಸ್ತಾನದ ಇಬ್ಬರು ಅಹ್ಮದೀಯರ ಕೋರಿಕೆಯನ್ನು ಜರ್ಮನಿಯ ಅಧಿಕಾರಿಗಳು ತಿರಸ್ಕರಿಸಿದ್ದರು. ಅಹ್ಮದೀಯರು ತಮ್ಮನ್ನು ಮುಸ್ಲಿಮರೆಂದು ಕರೆದುಕೊಂಡರೆ ಆ ನಾಡಿನಲ್ಲಿ ಮೂರು ವರ್ಷಗಳವರೆಗೆ ಸೆರೆಮನೆ ಶಿಕ್ಷೆ ವಿಧಿಸಬಹುದು. ಊರಿಗೆ ಮರಳಿ, ಬಹಿರಂಗ ಆಚರಣೆ ಬಿಟ್ಟು ಸುಮ್ಮನಿದ್ದರಾಗದೇ? ಆಶ್ರಯ ಕೋರುವವರಿಂದ ಹಾಗೆ ನಿರೀಕ್ಷಿಸಲಾಗದೆಂದು ಯೂರೋಪಿಯನ್ ಒಕ್ಕೂಟದ ನ್ಯಾಯಾಲಯವು 2012ರ ಸೆಪ್ಟೆಂಬರ್ 5ರಂದು ಸ್ಪಷ್ಟಪಡಿಸಿತು. ವಿಶ್ವಾಸವನ್ನು ಬಚ್ಚಿಟ್ಟು ಬದುಕುವುದು ಸುರಕ್ಷತೆಯಲ್ಲ ಎಂಬುದನ್ನು ಆದಿ ಕ್ರೈಸ್ತರ ನೆನಪುಳ್ಳ ನಮಗೆ ಬೇರೆ ಹೇಳಬೇಕೇ?

ಪ್ರಿಯ ಓದುಗರೇ, ಮರುಪರಿಶೀಲನೆಯೆಂದರೆ ಬಂದವರೆಲ್ಲರ ಮಾತನ್ನು ಕಣ್ಣುಮುಚ್ಚಿ ನಂಬುವುದಲ್ಲ. ಮೊದಲ ಅಧಿಕಾರಿಯೂ ಮನುಷ್ಯನೇ, ಅವನಿಂದಲೂ ತಪ್ಪಾಗಬಹುದೆಂದು ಒಪ್ಪಿ ಇನ್ನೊಬ್ಬರು ಆಲಿಸುವುದು. ಒಬ್ಬನ ಮಾತು ಕೇಳದೆ ನಮ್ಮ ಧರ್ಮಶಾಸ್ತ್ರವು ಅವನಿಗೆ ತೀರ್ಪು ಕೊಡುವುದುಂಟೇ ಎಂದು ಸಭೆಯಲ್ಲಿ ಕೇಳಿದವನು ನಿಕೊದೇಮನು. ಆ ಪ್ರಶ್ನೆಯನ್ನು ನಾವೂ ಕೇಳೋಣ. ನಿರಾಶ್ರಿತರಿಗಾಗಿ ಪ್ರಾರ್ಥಿಸುವಾಗ, ಅವರ ಕಡತಗಳನ್ನು ಮತ್ತೊಮ್ಮೆ ತೆರೆದು ಓದುವವರನ್ನೂ ಮರೆಯದಿರೋಣ.