ಕೊಳಲಿನ ಲೆಕ್ಕ ತಿದ್ದಿದ ಅಕ್ಕಸಾಲಿಗ

ಕೊಳಲಿನೊಳಗೆ ನಾದವಾಗಿ ಕಂಪಿಸುವುದು ಗಾಳಿ. ಊದುರಂಧ್ರದ ಅಂಚಿಗೆ ಬಡಿದ ಉಸಿರು ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ಹೊರಳುತ್ತ ನಳಿಗೆಯಲ್ಲಿರುವ ಗಾಳಿಯ ಕಂಬವನ್ನು ಅದುರಿಸುತ್ತದೆ. ಕಂಬ ಉದ್ದವಾದಷ್ಟೂ ಸ್ವರ ತಗ್ಗು, ಗಿಡ್ಡವಾದಷ್ಟೂ ಏರು. ಮಗ್ಗುಲಿನ ರಂಧ್ರವೊಂದನ್ನು ತೆರೆದರೆ ಗಾಳಿಕಂಬ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯುತ್ತದೆ. ಆದರೆ ಎಲ್ಲಿ ಮುಗಿಯುತ್ತದೆ ಎಂಬುದು ರಂಧ್ರದ ಜಾಗದ ಜೊತೆಗೆ ಅದರ ಅಗಲವನ್ನೂ ಅವಲಂಬಿಸಿದೆ. ರಂಧ್ರ ದೊಡ್ಡದಿದ್ದರೆ ನಳಿಗೆಯನ್ನು ಅಲ್ಲೇ ಕತ್ತರಿಸಿದಂತೆ ಸ್ವರ ಸ್ಪಷ್ಟವಾಗಿ, ತುಂಬಿ ಬರುತ್ತದೆ. ಚಿಕ್ಕದಿದ್ದರೆ ಕಂಪನ ರಂಧ್ರದಾಚೆಗೂ ಚಾಚಿಕೊಂಡು ಸ್ವರ ತಗ್ಗುತ್ತದೆ, ನಾದ ಮಂಕಾಗುತ್ತದೆ.

ಶತಮಾನಗಳ ಕಾಲ ಯೂರೋಪಿನ ವಾದ್ಯ ತಯಾರಕರು ರಂಧ್ರ ಕೊರೆಯುತ್ತಿದ್ದದ್ದು ಬೆರಳಿಗೆ ಎಟುಕುವ ಕಡೆ. ಎರಡೂ ಕೈಗಳ ಮೂರು ಮೂರು ಬೆರಳಿಗೆ ಆರು ರಂಧ್ರ. ಹಾಗೆ ಕೊರೆದ ಮೇಲೆ ಶ್ರುತಿ ಸರಿಹೋಗುವವರೆಗೆ ಒಂದನ್ನು ಹಿಗ್ಗಿಸುವುದು, ಇನ್ನೊಂದನ್ನು ಕಿರಿದಾಗಿಯೇ ಬಿಡುವುದು. ಇದರಿಂದ ಒಂದೇ ಕೊಳಲಿನಲ್ಲಿ ಒಂದು ಸ್ವರ ಗಟ್ಟಿಯಾಗಿಯೂ ಪಕ್ಕದ್ದು ಪೇಲವವಾಗಿಯೂ ಕೇಳುತ್ತಿತ್ತು. ನಡುವಿನ ಅರ್ಧಸ್ವರಗಳ ಪಾಡು ಇನ್ನೂ ಕಷ್ಟ: ಮೇಲಿನ ರಂಧ್ರವೊಂದನ್ನು ತೆರೆದು ಕೆಳಗಿನವುಗಳನ್ನು ಮುಚ್ಚಿ ಅವನ್ನು ಹೇಗೋ ಹೊರಡಿಸಬೇಕಿತ್ತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ, ಕೆಳಗಿಳಿದಂತೆ ಕಿರಿದಾಗುವ ಕೊಳಲಿಗೆ ಒಂದೇ ಒಂದು ಕೀ, ಎಂದರೆ ಬೆರಳೊತ್ತಿ ರಂಧ್ರವನ್ನು ತೆರೆಯುವ ಅಥವಾ ಮುಚ್ಚುವ ಸನ್ನೆ, ಇತ್ತು. ಮುಂದಿನ ನೂರು ವರ್ಷಗಳಲ್ಲಿ ಕೀಗಳ ಸಂಖ್ಯೆ ಆರಕ್ಕೆ, ಎಂಟಕ್ಕೆ ಏರಿತು. ಒಂದೊಂದು ಕೊರತೆಗೂ ಒಂದೊಂದು ಕೀ ಸೇರಿಸುತ್ತ ಹೋದರೂ ರಂಧ್ರಗಳ ಮೂಲ ವ್ಯವಸ್ಥೆಯನ್ನು ಯಾರೂ ಮುಟ್ಟಲಿಲ್ಲ.

ಅದನ್ನು ಮುಟ್ಟಿದವನು ಥಿಯೊಬಾಲ್ಡ್ ಬೋಮ್. 1794ರಲ್ಲಿ ಮ್ಯೂನಿಕ್‌ನಲ್ಲಿ ಅಕ್ಕಸಾಲಿಗನ ಮಗನಾಗಿ ಹುಟ್ಟಿದ ಬೋಮ್ ತಂದೆಯ ಕಸುಬನ್ನೇ ಕಲಿತ. ಹದಿಹರೆಯದಲ್ಲೇ ತನ್ನ ಕೊಳಲನ್ನು ತಾನೇ ಮಾಡಿಕೊಂಡ, ಮುಂದೆ ಬವೇರಿಯದ ಆಸ್ಥಾನ ವಾದ್ಯವೃಂದದಲ್ಲಿ ಕೊಳಲುವಾದಕನಾದ. ಸೂಕ್ಷ್ಮ ಲೋಹಗೆಲಸ ಬಲ್ಲ ಕೈ, ನುರಿತ ವಾದಕನ ಕಿವಿ ಎರಡೂ ಒಬ್ಬನಲ್ಲೇ ಇದ್ದದ್ದು ಈ ವಾದ್ಯದ ದೊಡ್ಡ ಭಾಗ್ಯ. 1828ರಲ್ಲಿ ಅವನು ಸ್ವಂತ ಕಾರ್ಖಾನೆ ತೆರೆದ. 1831ರಲ್ಲಿ ಲಂಡನ್ನಿಗೆ ಹೋದಾಗ ಚಾರ್ಲ್ಸ್ ನಿಕಲ್ಸನ್ ಎಂಬ ಪ್ರಖ್ಯಾತ ವಾದಕನ ಕೊಳಲು ಕೇಳಿದ. ನಿಕಲ್ಸನ್ನನ ಕೊಳಲಿನ ರಂಧ್ರಗಳು ವಾಡಿಕೆಗಿಂತ ದೊಡ್ಡವು, ನಾದವೂ ಅಷ್ಟೇ ತುಂಬಿದ್ದು. ಅದಕ್ಕೆ ಸಾಟಿಯಾಗುವ ನಾದ ತನ್ನ ವಾದ್ಯದಲ್ಲಿ ಹೊರಡದು ಎಂಬುದು ಬೋಮ್‌ಗೆ ಮನದಟ್ಟಾಯಿತು.

ಅಲ್ಲಿಂದ ಅವನು ಪ್ರಶ್ನೆಯನ್ನೇ ತಿರುಗಿಸಿಕೊಂಡ. ನಾದಕ್ಕೆ ಎಲ್ಲಿ ಬೇಕೋ ಅಲ್ಲಿ, ಎಷ್ಟು ದೊಡ್ಡದು ಬೇಕೋ ಅಷ್ಟು ದೊಡ್ಡ ರಂಧ್ರ ಮೊದಲು ಇರಲಿ. ಬೆರಳು ಅಲ್ಲಿಗೆ ತಲುಪುವ ದಾರಿಯನ್ನು ಆಮೇಲೆ ಹುಡುಕೋಣ ಎಂಬುದು ಅವನ ನಿಲುವು. 1832ರ ಮಾದರಿಯಲ್ಲಿ ಈ ದಾರಿ ಉಂಗುರದ ರೂಪದಲ್ಲಿ ಬಂತು. ರಂಧ್ರದ ಸುತ್ತ ಒಂದು ಲೋಹದ ಉಂಗುರ. ಬೆರಳು ರಂಧ್ರವನ್ನು ಮುಚ್ಚಿದಾಗ ಉಂಗುರವೂ ಕೆಳಗಿಳಿದು, ಅದಕ್ಕೆ ಜೋಡಿಸಿದ ಕಡ್ಡಿಯ ಮೂಲಕ ದೂರದ ಇನ್ನೊಂದು ರಂಧ್ರದ ಮುಚ್ಚಳವನ್ನು ಒತ್ತುತ್ತದೆ. ಹೀಗೆ ಒಂದು ಬೆರಳು ಎರಡು ರಂಧ್ರಗಳನ್ನು ಆಳಬಹುದು. ಉಂಗುರದ ಕಲ್ಪನೆ ಗಾರ್ಡನ್ ಎಂಬ ಸೇನಾಧಿಕಾರಿಯದ್ದೆಂಬ ವಾದವೂ ಎದ್ದು ಕಹಿ ವಿವಾದವೇ ನಡೆಯಿತು. ಇಬ್ಬರೂ ಆ ದಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದದ್ದು ನಿಜ, ಆದರೆ ಇಡೀ ವಾದ್ಯವನ್ನು ಒಂದು ತತ್ತ್ವದ ಮೇಲೆ ಕಟ್ಟಿ ನಿಲ್ಲಿಸಿದ ಕೀರ್ತಿ ಬೋಮ್‌ಗೇ ಸಲ್ಲಬೇಕು.

ಹದಿನೈದು ವರ್ಷಗಳ ನಂತರ ಬಂದ ಎರಡನೆಯ ಹೆಜ್ಜೆ ಇನ್ನೂ ದೊಡ್ಡದು. ಬೋಮ್ ಮ್ಯೂನಿಕ್‌ನ ವಿಜ್ಞಾನಿ ಕಾರ್ಲ್ ಫಾನ್ ಶಾಫ್‌ಹೋಯ್ಟಲ್‌ನ ಬಳಿ ನಾದವಿಜ್ಞಾನ ಅಭ್ಯಾಸ ಮಾಡಿ, ನಳಿಗೆಯ ಮೇಲೆ ಪ್ರಯೋಗಕ್ಕೆ ತೊಡಗಿದ. ಹನ್ನೆರಡು ಅರ್ಧಸ್ವರಗಳಿಗೆ ಹನ್ನೆರಡು ತುಂಡುಗಳಾಗಿ ಬಿಚ್ಚಿ ಜೋಡಿಸಬಹುದಾದ ನಳಿಗೆ ಮಾಡಿಸಿ, ಒಂದೊಂದೇ ತುಂಡು ತೆಗೆಯುತ್ತ ಪ್ರತಿ ಸ್ವರಕ್ಕೂ ನಿಜವಾಗಿ ಬೇಕಾದ ಉದ್ದವನ್ನು ಅಳೆದ. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡುವ ಶ್ರುತಿಯಲ್ಲಿ ಪಕ್ಕಪಕ್ಕದ ಎರಡು ಅರ್ಧಸ್ವರಗಳ ಕಂಪನಾಂಕದ ಅನುಪಾತ ಸುಮಾರು 1.0595. ಸುಮಾರು 60 ಸೆಂ.ಮೀ. ಗಾಳಿಕಂಬದಲ್ಲಿ ಸ್ವರವನ್ನು ಅರ್ಧ ಮೆಟ್ಟಿಲು ಏರಿಸಲು 3.4 ಸೆಂ.ಮೀ. ಕಡಿತ ಬೇಕು; ಸ್ಥಾಯಿಯ ಮೇಲ್ತುದಿಗೆ ಬಂದಾಗ 1.8 ಸೆಂ.ಮೀ. ಸಾಕು. ರಂಧ್ರಗಳ ನಡುವಣ ಅಂತರ ಹೀಗೆ ಕ್ರಮವಾಗಿ ಕುಗ್ಗುತ್ತ ಹೋಗಬೇಕು. ಯಾವ ಆಧಾರಶ್ರುತಿಗಾದರೂ ಈ ಅಂತರಗಳನ್ನು ತೆಗೆಯಬಲ್ಲ ರೇಖಾಚಿತ್ರವೊಂದನ್ನೂ ಅವನು ರಚಿಸಿದ.

1847ರ ಕೊಳಲು ಈ ಅಳತೆಗಳ ಫಲ. ರಂಧ್ರದ ಅಗಲ ನಳಿಗೆಯ ಒಳವ್ಯಾಸದ ಮುಕ್ಕಾಲು ಭಾಗವಾದರೂ ಇರಬೇಕು ಎಂಬುದು ಬೋಮ್‌ನ ಲೆಕ್ಕ. ಒಳವ್ಯಾಸ 19 ಮಿ.ಮೀ. ಇರುವ ನಳಿಗೆಯಲ್ಲಿ ಅಷ್ಟು ದೊಡ್ಡ ರಂಧ್ರವನ್ನು ಬೆರಳ ತುದಿ ಮುಚ್ಚಲಾರದು. ಜೊತೆಗೆ ಬಲಗೈ ಹೆಬ್ಬೆರಳು ವಾದ್ಯವನ್ನು ಹಿಡಿಯಲೇ ಬೇಕಾದ್ದರಿಂದ ಉಳಿಯುವುದು ಒಂಬತ್ತು ಬೆರಳು. ಆದ್ದರಿಂದ ಎಲ್ಲ ರಂಧ್ರಗಳಿಗೂ ಬಟ್ಟಲಿನಾಕಾರದ ಮುಚ್ಚಳ, ಗಾಳಿ ಸೋರದಂತೆ ಮುಚ್ಚಳದೊಳಗೆ ತೆಳುಪೊರೆ ಹೊದಿಸಿದ ಮೆತ್ತೆ, ಎಲ್ಲವನ್ನೂ ಉದ್ದನೆಯ ಅಚ್ಚುಗಳ ಮೇಲೆ ಜೋಡಿಸುವ ಕೆಲಸ. ಅಕ್ಕಸಾಲಿಗನ ಕೈಚಳಕ ಇಲ್ಲಿ ಕೆಲಸಕ್ಕೆ ಬಂತು.

ಕಿರಿದಾಗುವ ನಳಿಗೆಯನ್ನೂ ಬೋಮ್ ಕೈಬಿಟ್ಟು, ಮೈಯುದ್ದಕ್ಕೂ ಒಂದೇ ಅಗಲವನ್ನಿಟ್ಟ. ಆದರೆ ಬರೀ ಸಮಕೊಳವೆಯಲ್ಲಿ ಮೇಲಿನ ಸ್ಥಾಯಿಗಳು ಶ್ರುತಿ ತಪ್ಪಿ ತಗ್ಗುತ್ತವೆ. ಅದಕ್ಕೆ ತಲೆಯ ಭಾಗವನ್ನಷ್ಟೇ ಊದುರಂಧ್ರದ ಕಡೆಗೆ ಸಣ್ಣ ಬಾಗಿನಲ್ಲಿ, ಸುಮಾರು 17 ಮಿ.ಮೀ.ವರೆಗೆ ಕಿರಿದುಗೊಳಿಸಿದ. ನೋಡಿದರೆ ಕಣ್ಣಿಗೆ ಬೀಳದ ಈ ಎರಡು ಮಿಲಿಮೀಟರ್ ವ್ಯತ್ಯಾಸವೇ ಮೂರೂ ಸ್ಥಾಯಿಗಳನ್ನು ಶ್ರುತಿಯಲ್ಲಿ ಹಿಡಿದಿಡುತ್ತದೆ. ಬೋಮ್‌ನ ಕೆಲಸದಲ್ಲಿ ಅತ್ಯಂತ ಮೆಚ್ಚಬೇಕಾದ ಅಂಶ ಇದು. ಪ್ಯಾರಿಸ್ ಮತ್ತು ಲಂಡನ್ನಿನ ತಯಾರಕರು ಈ ಕೊಳಲಿನ ಹಕ್ಕನ್ನು 1847ರಲ್ಲೇ ಕೊಂಡರು. ಹಳೆಯ ಬೆರಳಾಟಕ್ಕೆ ಒಗ್ಗಿದ ವಾದಕರು ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. ಪ್ಯಾರಿಸ್ಸಿನ ಸಂಗೀತ ವಿದ್ಯಾಲಯದಲ್ಲಿ ಹೊಸ ಕೊಳಲಿಗೆ ಜಾಗ ಸಿಕ್ಕಿದ್ದು 1860ರಲ್ಲಿ ಲೂಯಿ ಡೋರಸ್ ಅಧ್ಯಾಪಕನಾಗಿ ಬಂದ ಮೇಲೆ.

ಉಂಗುರದ ಕೀಗಳು ಕೊಳಲಿಗೇ ನಿಲ್ಲಲಿಲ್ಲ. ಕ್ಲಾರಿನೆಟ್ಟಿನಲ್ಲಿ ಬಲವಾಗಿ ಊದಿದಾಗ ಸ್ವರ ಒಂದು ಸ್ಥಾಯಿಯನ್ನೂ ದಾಟಿ (ಸ್ಥಾಯಿಗೆ ಏಳು ಸ್ವರದಂತೆ ಎಣಿಸಿದರೆ) ಹನ್ನೆರಡನೆಯ ಸ್ವರಕ್ಕೆ ನೆಗೆಯುವುದರಿಂದ, ನಡುವಿನ ತೆರಪು ತುಂಬಲು ಕೊಳಲಿಗಿಂತ ಹೆಚ್ಚು ರಂಧ್ರ ಬೇಕು. ವಾದಕ ಹ್ಯಾಸಿಂತ್ ಕ್ಲೋಸೆ ಮತ್ತು ತಯಾರಕ ಲೂಯಿ ಆಗಸ್ಟ್ ಬ್ಯುಫೆ ಪ್ಯಾರಿಸ್ಸಿನಲ್ಲಿ ಬೋಮ್‌ನ ಉಂಗುರಗಳನ್ನು ಇದಕ್ಕೆ ಹೊಂದಿಸಿ 1844ರಲ್ಲಿ ಪೇಟೆಂಟ್ ಪಡೆದರು. ಜಗತ್ತಿನ ಹೆಚ್ಚಿನ ಕಡೆ ಇಂದು ನುಡಿಸುವ ಕ್ಲಾರಿನೆಟ್ ಇದೇ. ಎರಡು ವರ್ಷದ ನಂತರ ಅಡಾಲ್ಫ್ ಸ್ಯಾಕ್ಸ್, ಶಂಕುವಿನಾಕಾರದ ಹಿತ್ತಾಳೆ ಕೊಳವೆಗೆ ಕ್ಲಾರಿನೆಟ್ಟಿನ ರೀತಿಯ ಒಂಟಿ ರೀಡ್ (ಉಸಿರಿಗೆ ಅದುರುವ ತೆಳು ಪಟ್ಟಿ) ಸೇರಿಸಿ, ದೊಡ್ಡ ರಂಧ್ರ ದೊಡ್ಡ ಮುಚ್ಚಳಗಳ ಸ್ಯಾಕ್ಸೊಫೋನಿಗೆ ಪೇಟೆಂಟ್ ಪಡೆದ.

ಮುಚ್ಚಳದ ಕೀ ಎಲ್ಲ ಸಂಗೀತಕ್ಕೂ ಹೊಂದುವ ಸುಧಾರಣೆಯಲ್ಲ. ಕರ್ನಾಟಕ ಸಂಗೀತದ ವೇಣುವಿನಲ್ಲಿ ಬೆರಳು ರಂಧ್ರವನ್ನು ಅರ್ಧ, ಕಾಲು ತೆರೆದು ಜಾರಿದರೆ ಮಾತ್ರ ಗಮಕ ಹುಟ್ಟುತ್ತದೆ. ನಡುವೆ ಮುಚ್ಚಳ ಬಂದರೆ ಆ ಹಿಡಿತ ಹೋಗುತ್ತದೆ. ಹಾಗಾಗಿ ಇಲ್ಲಿಯ ಸುಧಾರಣೆ ಬಿದಿರಿನ ಉದ್ದ ಮತ್ತು ರಂಧ್ರಗಳಲ್ಲಿ ನಡೆಯಿತು, ಪನ್ನಾಲಾಲ್ ಘೋಷ್ ಹಿಂದುಸ್ತಾನಿಗೆ ತಂದ ಉದ್ದನೆಯ ಬಾನ್ಸುರಿಯಲ್ಲಿ ಆದಂತೆ. ಇದನ್ನು ಬಲ್ಲವರಿಗೆ ಕದ್ರಿ ಗೋಪಾಲನಾಥರ ಸಾಧನೆಯ ತೂಕ ಗೊತ್ತಾಗುತ್ತದೆ. ಬಂಟ್ವಾಳದ ಸಜಿಪಮೂಡದಲ್ಲಿ ನಾಗಸ್ವರದ ಮನೆತನದಲ್ಲಿ ಹುಟ್ಟಿದ ಅವರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೆ ಮನಸೋತು, ಕೀಗಳಿಂದ ತುಂಬಿದ ಆ ವಾದ್ಯದಲ್ಲೇ ಗಮಕವನ್ನು ಸಾಧಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮ್ಸ್ ಉತ್ಸವದಲ್ಲೂ ನುಡಿಸಿದರು.

ಹಿತ್ತಾಳೆ ತುತ್ತೂರಿಗಳ ಕೊರತೆ ಬೇರೆ ಬಗೆಯದು. ರಂಧ್ರವಿಲ್ಲದ ಕಹಳೆ ತನ್ನ ಉದ್ದಕ್ಕೆ ಸಹಜವಾದ ಕೆಲವೇ ಸ್ವರಗಳನ್ನು ಕೊಡುತ್ತದೆ. ಕೆಳಸ್ಥಾಯಿಯಲ್ಲಿ ಅವುಗಳ ನಡುವೆ ದೊಡ್ಡ ದೊಡ್ಡ ತೆರಪು. 1818ರಲ್ಲಿ ಹೈನ್ರಿಖ್ ಸ್ಟ್ಯೋಲ್ಜೆಲ್ ಮತ್ತು ಫ್ರೀಡ್ರಿಖ್ ಬ್ಲ್ಯೂಮೆಲ್ ಪ್ರಷ್ಯದಲ್ಲಿ ವಾಲ್ವ್‌ಗೆ ಪೇಟೆಂಟ್ ಪಡೆದರು. ವಾಲ್ವ್ ಒತ್ತಿದರೆ ಗಾಳಿ ಹೆಚ್ಚುವರಿ ಕೊಳವೆಯನ್ನು ಸುತ್ತಿ ಬಂದು ಸ್ವರ ತಗ್ಗುತ್ತದೆ. 1839ರಲ್ಲಿ ಪ್ಯಾರಿಸ್ಸಿನ ತಯಾರಕ ಪೆರಿನೆ ರೂಪಿಸಿದ ಪಿಸ್ಟನ್ ಬಗೆಯ ವಾಲ್ವೇ ಇಂದಿನ ಹೆಚ್ಚಿನ ಟ್ರಂಪೆಟ್ಟುಗಳದ್ದು. ಆದರೆ ಎರಡು ವಾಲ್ವ್ ಒಟ್ಟಿಗೆ ಒತ್ತಿದಾಗ ಲೆಕ್ಕ ತಪ್ಪುತ್ತದೆ. 140 ಸೆಂ.ಮೀ. ಕೊಳವೆಗೆ ಮೊದಲನೆಯ ವಾಲ್ವ್ ಸುಮಾರು 17 ಸೆಂ.ಮೀ., ಮೂರನೆಯದು 26.5 ಸೆಂ.ಮೀ. ಸೇರಿಸುತ್ತವೆ, ಎರಡೂ ಸೇರಿ ತಗ್ಗಿಸಬೇಕಾದ ಐದು ಅರ್ಧಸ್ವರಗಳಿಗೆ ಬೇಕಾದದ್ದು 47 ಸೆಂ.ಮೀ. ಮೂರು ಸೆಂ.ಮೀ.ಗೂ ಹೆಚ್ಚು ಕೊರತೆ ಬಿದ್ದು ಸ್ವರ ಏರುತ್ತದೆ. ಇಂದಿನ ಟ್ರಂಪೆಟ್ಟಿನಲ್ಲಿ ಮೂರನೆಯ ಕೊಳವೆಗೆ ಬೆರಳುಂಗುರ ಇಟ್ಟು ಜಾರಿಸುವುದು ಇದನ್ನು ತುಂಬಲು. ದೊಡ್ಡ ವಾದ್ಯಗಳಿಗೆ ಇಂಗ್ಲೆಂಡಿನ ಡೇವಿಡ್ ಬ್ಲೈಕ್ಲಿ, ವಾಲ್ವ್‌ಗಳನ್ನು ಒಟ್ಟಿಗೆ ಒತ್ತಿದಾಗ ತಾನಾಗಿಯೇ ಹೆಚ್ಚುವರಿ ಉದ್ದ ಸೇರಿಸುವ ಏರ್ಪಾಡು ಮಾಡಿದ.

ಮತ್ತೆ ಕೊಳಲಿಗೆ ಬಂದರೆ, ಬೆಳ್ಳಿ, ಚಿನ್ನ, ಪ್ಲಾಟಿನಮ್ ಕೊಳಲುಗಳ ನಾದವೇ ಬೇರೆ ಎಂಬ ನಂಬಿಕೆ ವಾದಕರಲ್ಲಿ ಗಟ್ಟಿಯಾಗಿದೆ. ಅಮೆರಿಕದ ಭೌತವಿಜ್ಞಾನಿ ಜಾನ್ ಕೋಲ್ಟ್‌ಮನ್ ಒಂದೇ ಒಳ ಅಳತೆಯ ಬೆಳ್ಳಿ, ತಾಮ್ರ ಮತ್ತು ಮರದ ಕೊಳಲುಗಳನ್ನು ಮರೆಯಲ್ಲಿ ನುಡಿಸಿ ಪರೀಕ್ಷಿಸಿ 1971ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಕೇಳುಗರಿಗೆ ಅವುಗಳನ್ನು ಬೇರ್ಪಡಿಸಿ ಗುರುತಿಸಲಾಗಲಿಲ್ಲ. ಲೋಹದ ಬೆಲೆಗಿಂತ ಒಳಮೈಯ ಆಕಾರ, ಊದುರಂಧ್ರದ ಅಂಚಿನ ಹರಿತ, ಮುಚ್ಚಳಗಳ ಬಿಗಿ ಹೆಚ್ಚು ಮುಖ್ಯ ಎಂದು ಒಪ್ಪಿಕೊಳ್ಳುವುದೇ ಸರಿ.

ಬೋಮ್‌ನ ರೇಖಾಚಿತ್ರವನ್ನು ತಯಾರಕರೇ ಮರೆತದ್ದು ಈ ಕಥೆಯ ಬೇಸರದ ಭಾಗ. ಆಧಾರಶ್ರುತಿ ಸೆಕೆಂಡಿಗೆ 435 ಕಂಪನಗಳಿಂದ 440ಕ್ಕೆ ಏರಿದಾಗ ಎಲ್ಲ ರಂಧ್ರಗಳನ್ನೂ ಹೊಸದಾಗಿ ಲೆಕ್ಕ ಹಾಕಬೇಕಿತ್ತು. ಬಹಳಷ್ಟು ಕಂಪನಿಗಳು ಹಳೆಯ ಮೈಗೆ ಗಿಡ್ಡ ತಲೆ ಸಿಕ್ಕಿಸಿ ಸುಮ್ಮನಾದವು. ಇದರಿಂದ ಕೆಲವು ಸ್ವರಗಳು ಏರಿ, ಕೆಲವು ತಗ್ಗಿ, ತಪ್ಪನ್ನು ತುಟಿಯಲ್ಲೇ ತಿದ್ದುವ ಹೊರೆ ವಾದಕರ ಮೇಲೆ ಬಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲಂಡನ್ನಿನ ತಯಾರಕ ಆಲ್ಬರ್ಟ್ ಕೂಪರ್, ವಿಲಿಯಂ ಬೆನೆಟ್‌ರಂಥ ವಾದಕರ ಕಿವಿಯ ನೆರವಿನಿಂದ ರಂಧ್ರಗಳನ್ನು 440ಕ್ಕೆ ಮರುಲೆಕ್ಕ ಮಾಡಿದರು. ಈಗಿನ ಒಳ್ಳೆಯ ಕೊಳಲುಗಳಲ್ಲಿ ಹೆಚ್ಚಿನವು ಆ ಅಳತೆಯನ್ನೋ ಅದರಿಂದ ಬೆಳೆದ ಇನ್ನೊಂದನ್ನೋ ಅನುಸರಿಸುತ್ತವೆ. ಊದುರಂಧ್ರದ ಅಂಚನ್ನು ಯಾವ ಕೋನದಲ್ಲಿ ಕೆತ್ತಬೇಕೆಂಬುದರ ಮೇಲೂ ಕೂಪರ್ ದುಡಿದರು; ತಯಾರಕರ ನಡುವಣ ಪೈಪೋಟಿ ಇಂದು ಹೆಚ್ಚಾಗಿ ನಡೆಯುತ್ತಿರುವುದು ಆ ಅಂಚಿನ ಸುತ್ತಲೇ.