ಗೂಗಲ್ ಜಾಹೀರಾತು: ಒಂದು ಕ್ಲಿಕ್ಕಿಗೆ ಎಷ್ಟು ಕೊಟ್ಟರೆ ನಷ್ಟವಿಲ್ಲ?

ವೆಬ್‌ಸೈಟ್ ಸಿದ್ಧವಾಗಿದೆ, ಫೋಟೊಗಳೂ ಚೆನ್ನಾಗಿವೆ. ಆದರೆ ನೋಡುವವರು ನೆಂಟರು, ಸ್ನೇಹಿತರು ಮಾತ್ರ. ಗೂಗಲ್‌ನಲ್ಲಿ ಹುಡುಕಿದರೆ ಐದನೇ ಪುಟದಲ್ಲೂ ಹೆಸರಿಲ್ಲ. ಆಗ ಯಾರಾದರೂ ಒಬ್ಬರು ಸಲಹೆ ಕೊಡುತ್ತಾರೆ: 'ದುಡ್ಡು ಕೊಟ್ಟು ಜಾಹೀರಾತು ಹಾಕಿ, ಮೇಲೆ ಬರುತ್ತೆ.' ಮೇಲೆ ಬರುವುದು ನಿಜ. ಹಾಕಿದ ದುಡ್ಡು ವಾಪಸ್ ಬರುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ.

ಈ ಪದ್ಧತಿಯ ಹೆಸರು ಪೇ ಪರ್ ಕ್ಲಿಕ್, ಚಿಕ್ಕದಾಗಿ ಪಿಪಿಸಿ. ಜಾಹೀರಾತು ಕಾಣಿಸಿದ್ದಕ್ಕೆ ಹಣವಿಲ್ಲ, ಅದರ ಮೇಲೆ ಯಾರಾದರೂ ಕ್ಲಿಕ್ ಮಾಡಿದರೆ ಮಾತ್ರ ಶುಲ್ಕ. ಇದನ್ನು ಶುರು ಮಾಡಿದ್ದು ಗೂಗಲ್ ಅಲ್ಲ. 1998ರಲ್ಲಿ ಅಮೆರಿಕದ ಗೋಟು ಡಾಟ್ ಕಾಮ್ ಎಂಬ ಸರ್ಚ್ ತಾಣ ಕ್ಲಿಕ್ಕುಗಳನ್ನು ಹರಾಜಿಗಿಟ್ಟಿತು. ಮುಂದೆ ಓವರ್‌ಚರ್ ಎಂದು ಹೆಸರು ಬದಲಿಸಿಕೊಂಡ ಅದನ್ನು 2003ರಲ್ಲಿ ಯಾಹೂ ಕೊಂಡುಕೊಂಡಿತು. ಗೂಗಲ್ 2000ದಲ್ಲಿ ಆ್ಯಡ್‌ವರ್ಡ್ಸ್ ತಂದರೂ ಕ್ಲಿಕ್ ಹರಾಜಿಗೆ ಬಂದದ್ದು 2002ರಲ್ಲಿ. 2018ರಿಂದ ಅದೇ ಸೇವೆಗೆ ಗೂಗಲ್ ಆ್ಯಡ್ಸ್ ಎಂಬ ಹೆಸರಿದೆ.

ಮೊದಲು ಲೆಕ್ಕ, ಆಮೇಲೆ ಖಾತೆ

ಡೊಂಬಿವಲಿಯಲ್ಲಿರುವ ಗೃಹಿಣಿಯೊಬ್ಬರು ಮಲೆನಾಡಿನ ಅಪ್ಪೆಮಿಡಿ ಉಪ್ಪಿನಕಾಯಿ ತರಿಸಿ ತಮ್ಮ ವೆಬ್‌ಸೈಟ್ ಮೂಲಕ ಮುಂಬೈ, ಪುಣೆಯಲ್ಲಿ ಮಾರುತ್ತಾರೆ ಎಂದುಕೊಳ್ಳಿ. ಒಂದು ಬಾಟಲಿಗೆ 350 ರೂಪಾಯಿ. ಉಪ್ಪಿನಕಾಯಿ, ಬಾಟಲಿ, ಲೇಬಲ್ಲಿಗೆ 160, ಕೊರಿಯರ್‌ಗೆ 80 ಹೋದರೆ ಕೈಯಲ್ಲಿ ಉಳಿಯುವುದು 110. ವೆಬ್‌ಸೈಟಿಗೆ ಬಂದ 40 ಜನರಲ್ಲಿ ಒಬ್ಬರು ಖರೀದಿಸಿದರೆ, ಒಂದು ಕ್ಲಿಕ್ಕಿಗೆ ಅವರು ಕೊಡಬಹುದಾದದ್ದು 110 ಭಾಗಿಸು 40, ಅಂದರೆ 2 ರೂಪಾಯಿ 75 ಪೈಸೆ. ಅಷ್ಟು ಕೊಟ್ಟರೂ ಲಾಭ ಸೊನ್ನೆ.

ಅದೇ ಮೂರು ಬಾಟಲಿಗಳ ಪ್ಯಾಕ್ ಮಾಡಿ 1,050ಕ್ಕೆ ಮಾರಿದರೆ? ಸರಕಿನ ಖರ್ಚು 480, ಕೊರಿಯರ್ 120, ಉಳಿಯುವುದು 450. ಈಗ ಕ್ಲಿಕ್ಕಿಗೆ 11 ರೂಪಾಯಿ 25 ಪೈಸೆಯವರೆಗೆ ಹೋಗಬಹುದು. ಜಾಹೀರಾತು ಬಿಲ್ಲಿನ ಮೇಲೆ ಶೇ 18ರಷ್ಟು ಜಿಎಸ್‌ಟಿ ಇರುವುದರಿಂದ ನಿಜವಾದ ಮಿತಿ ಸುಮಾರು ಒಂಬತ್ತೂವರೆ ರೂಪಾಯಿ. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ವ್ಯಾಪಾರಿಗೆ ಆ ತೆರಿಗೆ ವಾಪಸ್ ಸಿಗುವುದಿಲ್ಲ. ಅಂದರೆ ಜಾಹೀರಾತು ಲಾಭವೋ ನಷ್ಟವೋ ಎನ್ನುವುದು ಎಷ್ಟೋ ಸಲ ಗೂಗಲ್‌ಗೆ ಕಾಲಿಡುವ ಮೊದಲೇ, ಪ್ಯಾಕಿನ ಬೆಲೆ ನಿಗದಿಯಾಗುವಾಗಲೇ ತೀರ್ಮಾನವಾಗಿರುತ್ತದೆ.

ಹೆಚ್ಚು ಕೂಗಿದವರೇ ಗೆಲ್ಲುವುದಿಲ್ಲ

ಯಾರಾದರೂ ಹುಡುಕಿದಾಗಲೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಹರಾಜು ನಡೆಯುತ್ತದೆ. ಅದರಲ್ಲಿ ಬಿಡ್ ಮೊತ್ತದ ಜೊತೆ ಜಾಹೀರಾತಿನ ಗುಣಮಟ್ಟವೂ ಲೆಕ್ಕಕ್ಕೆ ಬರುತ್ತದೆ: ಜನ ಕ್ಲಿಕ್ ಮಾಡುವ ಸಾಧ್ಯತೆ ಎಷ್ಟು, ಹುಡುಕಿದ್ದಕ್ಕೂ ಜಾಹೀರಾತಿಗೂ ಸಂಬಂಧ ಇದೆಯೇ, ಕ್ಲಿಕ್ ಮಾಡಿದ ಮೇಲೆ ತೆರೆಯುವ ಪುಟ ಉಪಯೋಗಕ್ಕೆ ಬರುತ್ತದೆಯೇ. ಸರಳವಾಗಿ ಹೇಳುವುದಾದರೆ, 10 ರೂಪಾಯಿ ಕೂಗಿದವರ ಗುಣಮಟ್ಟ 4 ಇದ್ದರೆ ಗುಣಲಬ್ಧ 40. 6 ರೂಪಾಯಿ ಕೂಗಿದವರದ್ದು 8 ಇದ್ದರೆ 48. ಮೇಲಿನ ಜಾಗ ಎರಡನೆಯವರಿಗೆ. ಅವರು ಪೂರ್ತಿ 6 ರೂಪಾಯಿ ಕೊಡಬೇಕಾಗಿಯೂ ಇಲ್ಲ. ಎದುರಾಳಿಯ 40ನ್ನು ದಾಟಲು ಬೇಕಾದ 5 ರೂಪಾಯಿ ಚಿಲ್ಲರೆ ಸಾಕು. ಗೂಗಲ್‌ನ ಪೂರ್ತಿ ಲೆಕ್ಕದಲ್ಲಿ ಇನ್ನೂ ಹಲವು ಅಂಶಗಳಿವೆ, ಆದರೆ ತಿರುಳು ಇದೇ. ಹಾಗಾಗಿ ಅಪ್ಪೆಮಿಡಿ ಜಾಹೀರಾತನ್ನು ಕ್ಲಿಕ್ ಮಾಡಿದವರು ವೆಬ್‌ಸೈಟಿನ ಮುಖಪುಟಕ್ಕಲ್ಲ, ಅಪ್ಪೆಮಿಡಿ ಪುಟಕ್ಕೇ ಹೋಗಬೇಕು.

ದುಡ್ಡು ಸೋರುವ ಜಾಗಗಳು

ಕ್ಯಾಂಪೇನ್ ಬಗೆ ಕೇಳಿದಾಗ 'ಸರ್ಚ್' ಆರಿಸಿ. ಅಲ್ಲೇ ಡಿಸ್‌ಪ್ಲೇ ನೆಟ್‌ವರ್ಕ್ ಎಂಬ ಆಯ್ಕೆಗೆ ಟಿಕ್ ಬಿದ್ದಿದ್ದರೆ ತೆಗೆಯಿರಿ. ಇಲ್ಲವಾದರೆ ಉಪ್ಪಿನಕಾಯಿ ಹುಡುಕದವರಿಗೂ, ಬೇರೆ ಯಾವುದೋ ತಾಣ ಓದುತ್ತಿರುವಾಗ ಜಾಹೀರಾತು ಕಾಣುತ್ತದೆ. ಸ್ಥಳದ ಸೆಟ್ಟಿಂಗ್‌ನಲ್ಲಿ ಮುಂಬೈ, ಪುಣೆ ಎಂದು ಕೊಟ್ಟರಷ್ಟೇ ಸಾಲದು. ಅಲ್ಲಿ ಮೊದಲೇ ಇರುವ ಆಯ್ಕೆ, ಆ ಊರಿನಲ್ಲಿ ಇರುವವರ ಜೊತೆ ಆ ಊರಿನ ಬಗ್ಗೆ ಆಸಕ್ತಿ ತೋರಿದವರನ್ನೂ ಸೇರಿಸಿಕೊಳ್ಳುತ್ತದೆ. ಕೊರಿಯರ್ ತಲುಪದ ಊರಿನವರ ಕ್ಲಿಕ್ಕಿಗೂ ಹಣ ಹೋಗುವುದು ಹೀಗೆಯೇ. ಊರಿನಲ್ಲಿ ಇರುವವರು ಮಾತ್ರ ಎಂದು ಬದಲಾಯಿಸಿ.

ಇನ್ನು ಕೀವರ್ಡ್. ಹೆಚ್ಚು ಹಣ ಪೋಲಾಗುವುದು ಇಲ್ಲಿ. ಪದವನ್ನು ಹಾಗೇ ಬರೆದರೆ ಅದು ಬ್ರಾಡ್ ಮ್ಯಾಚ್. ಸಂಬಂಧವಿದೆ ಎಂದು ಗೂಗಲ್‌ಗೆ ಅನ್ನಿಸಿದ ಹುಡುಕಾಟಗಳಿಗೆಲ್ಲ ಜಾಹೀರಾತು ಹೋಗುತ್ತದೆ. ಉದ್ಧರಣ ಚಿಹ್ನೆಯೊಳಗೆ ಬರೆದರೆ ಫ್ರೇಸ್ ಮ್ಯಾಚ್, ಚೌಕ ಆವರಣದೊಳಗೆ ಬರೆದರೆ ಎಕ್ಸಾಕ್ಟ್ ಮ್ಯಾಚ್. ಕೈಯಲ್ಲಿ ಕಡಿಮೆ ಹಣ ಇರುವವರು ಈ ಎರಡರಲ್ಲೇ ಶುರು ಮಾಡುವುದು ವಾಸಿ. ಮುಂಬೈ ಕನ್ನಡಿಗರು ಗೂಗಲ್‌ನಲ್ಲಿ ಹುಡುಕುವಾಗ ಕನ್ನಡ ಲಿಪಿಯನ್ನೇ ಬಳಸುತ್ತಾರೆ ಎಂದೇನಿಲ್ಲ. ಅಪ್ಪೆಮಿಡಿ, ಮಾವಿನಮಿಡಿ, ಮಿಡಿ ಉಪ್ಪಿನಕಾಯಿ ಇವನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೂ ಕೊಡಿ.

ಅಪ್ಪೆಮಿಡಿ ಎಂದು ಹುಡುಕುವವರೆಲ್ಲ ಕೊಳ್ಳುವವರಲ್ಲ. ಒಬ್ಬರಿಗೆ ರೆಸಿಪಿ ಬೇಕು, ಇನ್ನೊಬ್ಬರಿಗೆ ತೋಟಕ್ಕೆ ಕಸಿ ಗಿಡ ಬೇಕು, ಮತ್ತೊಬ್ಬರಿಗೆ ಉಪ್ಪಿನಲ್ಲಿಟ್ಟ ಮಿಡಿ ಡ್ರಮ್‌ಗಟ್ಟಲೆ ಬೇಕು. ಇವರ ಕ್ಲಿಕ್ಕಿಗೂ ಅಷ್ಟೇ ರೇಟು. ರೆಸಿಪಿ, ಗಿಡ, ನರ್ಸರಿ, ಹೋಲ್‌ಸೇಲ್ ಮುಂತಾದವನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ ಸೇರಿಸಿದರೆ ಆ ಹುಡುಕಾಟಗಳಿಗೆ ಜಾಹೀರಾತು ಹೋಗುವುದಿಲ್ಲ. ಈ ಪಟ್ಟಿಯಲ್ಲಿ ಏಕವಚನ, ಬಹುವಚನ ಎರಡನ್ನೂ ಬರೆಯಬೇಕು. ಒಂದನ್ನು ಕೊಟ್ಟರೆ ಇನ್ನೊಂದನ್ನು ಗೂಗಲ್ ತಾನಾಗಿ ತಡೆಯುವುದಿಲ್ಲ. ಜನ ನಿಜವಾಗಿ ಏನು ಟೈಪ್ ಮಾಡಿ ಬಂದರು ಎನ್ನುವುದು 'ಸರ್ಚ್ ಟರ್ಮ್ಸ್' ವರದಿಯಲ್ಲಿ ಸಿಗುತ್ತದೆ. ಎಲ್ಲ ಪದಗಳೂ ಅಲ್ಲಿರುವುದಿಲ್ಲ, ಆದರೂ ಮೊದಲ ವಾರ ಪ್ರತಿದಿನ ನೋಡಲೇಬೇಕಾದ ಪುಟ ಅದೊಂದೇ.

ತಮ್ಮ ಜಾಹೀರಾತು ಬರುತ್ತಿದೆಯೇ ಎಂದು ಮನೆಯವರೆಲ್ಲ ಸೇರಿ ಹುಡುಕುವ ಉತ್ಸಾಹವೂ ಬೇಡ. ನೋಡಿ ಕ್ಲಿಕ್ ಮಾಡದಿದ್ದರೆ ಕ್ಲಿಕ್ ಪ್ರಮಾಣ ಇಳಿಯುತ್ತದೆ. ಪರೀಕ್ಷಿಸಲು ಖಾತೆಯಲ್ಲೇ ಪ್ರಿವ್ಯೂ ಸೌಲಭ್ಯ ಇದೆ.

ಎಷ್ಟು ಹಣ, ಎಷ್ಟು ದಿನ?

ದಿನಕ್ಕೆ 200 ರೂಪಾಯಿ ಎಂದು ಕೊಟ್ಟಿದ್ದರೂ ಒಂದು ದಿನ 400 ಖರ್ಚಾಗಿದ್ದರೆ ಗಾಬರಿ ಬೇಡ. ದಿನದ ಬಜೆಟ್‌ನ ಎರಡರಷ್ಟರವರೆಗೆ ಗೂಗಲ್ ಖರ್ಚು ಮಾಡಬಹುದು, ಆದರೆ ತಿಂಗಳಿಗೆ 30.4 ಪಟ್ಟು, ಅಂದರೆ 6,080 ರೂಪಾಯಿ ದಾಟುವುದಿಲ್ಲ. ಬಿಡ್ಡಿಂಗ್‌ನಲ್ಲಿ 'ಮ್ಯಾಕ್ಸಿಮೈಸ್ ಕ್ಲಿಕ್ಸ್' ಆರಿಸಿ, ಪ್ರತಿ ಕ್ಲಿಕ್ಕಿಗೆ 8 ರೂಪಾಯಿ ಎಂದು ಗರಿಷ್ಠ ಮಿತಿ ಹಾಕಬಹುದು.

ಹತ್ತು ದಿನಕ್ಕೆ 2,000 ರೂಪಾಯಿ, ಜಿಎಸ್‌ಟಿ ಸೇರಿ 2,360. ಸುಮಾರು 250 ಕ್ಲಿಕ್. ಆರು ಆರ್ಡರ್ ಬಂದರೆ 2,700 ಕೈಗೆ ಬಂದು, 340 ಉಳಿಯಿತು. ಎರಡೇ ಬಂದರೆ 1,460 ನಷ್ಟ. ಆಗ ಖಾತೆಯಲ್ಲಿ ಬಜೆಟ್ ಹೆಚ್ಚಿಸಿ ಎಂಬ ಶಿಫಾರಸು ಕಾಣಿಸಬಹುದು. ಅದನ್ನು ಒತ್ತುವ ಮೊದಲು ಸರ್ಚ್ ಟರ್ಮ್ಸ್, ಪ್ಯಾಕಿನ ಬೆಲೆ, ಮೊಬೈಲ್‌ನಲ್ಲಿ ಪುಟ ತೆರೆಯಲು ಹಿಡಿಯುವ ಸಮಯ ಇವನ್ನು ನೋಡಬೇಕು.

ಆರ್ಡರ್ ಎಲ್ಲಿಂದ ಬಂತು ಎಂದು ತಿಳಿಯಲು 'ಧನ್ಯವಾದ' ಪುಟದಲ್ಲಿ ಗೂಗಲ್ ಕೊಡುವ ಕನ್ವರ್ಶನ್ ಕೋಡ್ ಹಾಕಬೇಕು. ಆರ್ಡರ್‌ಗಳು ವಾಟ್ಸ್‌ಆ್ಯಪ್‌ನಲ್ಲೇ ಬರುವುದಾದರೆ, 'ನಮ್ಮ ಬಗ್ಗೆ ಹೇಗೆ ಗೊತ್ತಾಯಿತು' ಎಂದು ಕೇಳಿ ಪುಸ್ತಕದಲ್ಲಿ ಬರೆದಿಟ್ಟರೂ ನಡೆಯುತ್ತದೆ. ಮಿಡಿ ವರ್ಷವಿಡೀ ಸಿಗುವುದಿಲ್ಲ. ಸ್ಟಾಕ್ ಮುಗಿದ ದಿನವೇ ಕ್ಯಾಂಪೇನ್‌ಗೆ 'ಪಾಸ್' ಒತ್ತಿ. ಜಾಡಿ ಖಾಲಿಯಾದದ್ದು ಗೂಗಲ್‌ಗೆ ಗೊತ್ತಾಗುವುದಿಲ್ಲ.