ಮನೆಗೆ ಬಂದ ನಾಯಿಮರಿ ಮತ್ತು ಎಳೆಯ ಮಕ್ಕಳು

ಪೀಣ್ಯದ ನಮ್ಮ ಚಿಕಿತ್ಸಾಲಯಕ್ಕೆ ಈಚೆಗೆ ವಿಜಯಪುರ ಕಡೆಯ ಅಜ್ಜಿಯೊಬ್ಬರು ಐದು ವರ್ಷದ ಮೊಮ್ಮಗನನ್ನು ಕರೆತಂದರು. ಮಗ, ಸೊಸೆ ಇಬ್ಬರೂ ಕಾರ್ಖಾನೆಯ ಕೆಲಸಕ್ಕೆ ಹೋಗುವವರು. ಹುಡುಗನಿಗೆ ಜೊತೆಯಾಗಲೆಂದು ತಂದ ಎರಡು ತಿಂಗಳ ನಾಯಿಮರಿಯ ಹಲ್ಲು ಅವನ ಕಾಲಿಗೆ ತಗುಲಿತ್ತು. ಬೈಗುಳಕ್ಕೆ ಹೆದರಿ ಅವನು ಎರಡು ದಿನ ಯಾರಿಗೂ ಹೇಳಿರಲಿಲ್ಲ. ಸ್ನಾನ ಮಾಡಿಸುವಾಗ ಕಂಡ ಗೀರಿಗೆ ಅಜ್ಜಿ ಅರಿಶಿನ ಹಚ್ಚಿದ್ದರು. "ಸೂಜಿ ಬ್ಯಾಡ್ರಿ ಡಾಕ್ಟ್ರೇ, ನೀವ ಒಂದು ಲೇಪ ಕೊಡ್ರಿ" ಎಂದರು. ನಾವು ಲೇಪ ಕೊಡಲಿಲ್ಲ. ಗಾಯವನ್ನು ಸಾಬೂನಿನಿಂದ ತೊಳೆದು, ಆಗಲೇ ಸರ್ಕಾರಿ ಆಸ್ಪತ್ರೆಗೆ ಕಳುಹಿಸಿದೆವು.

ಆಯುರ್ವೇದ ವೈದ್ಯರೇ ಹೀಗೆ ಮಾಡಬಹುದೇ ಎಂದು ಕೆಲವರಿಗೆ ಅನ್ನಿಸೀತು. ಸುಶ್ರುತ ಸಂಹಿತೆಯ ಕಲ್ಪಸ್ಥಾನವು ಹುಚ್ಚುನಾಯಿಯ ವಿಷವನ್ನು ವಿವರಿಸುತ್ತ, ಕಚ್ಚಿಸಿಕೊಂಡವನು ನೀರಿಗೆ ಅಂಜತೊಡಗಿದರೆ ಅದು ಮರಣಸೂಚಕವೆಂದೇ ಹೇಳಿದೆ. ಇಂದಿಗೂ ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಅತಿ ವಿರಳ. ಲಕ್ಷಣಕ್ಕೆ ಮೊದಲೇ ತಡೆಯುವ ಲಸಿಕೆಯ ದಾರಿಯನ್ನು 1885ರಲ್ಲಿ ಲೂಯಿ ಪಾಶ್ಚರ್ ತೋರಿಸಿದರು. ಆ ದಾರಿಯನ್ನು ಬಿಟ್ಟು ಲೇಪವನ್ನು ನಂಬುವುದು ಶಾಸ್ತ್ರನಿಷ್ಠೆಯಲ್ಲ.

ಹಾಗೆಂದು ಮರಿಯ ಮೇಲೆ ಸಿಟ್ಟು ಬೇಡ. ಅದಕ್ಕೆ ಬಾಯಿಯೇ ಕೈ. ನಾಲ್ಕರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಉದುರಿ ಹೊಸ ಹಲ್ಲು ಬರುವಾಗ ಕಚ್ಚುವ ಚಪಲ ಇನ್ನೂ ಹೆಚ್ಚು. ಎಷ್ಟು ಕಚ್ಚಿದರೆ ನೋವಾದೀತೆಂಬುದನ್ನು ಅದು ಒಡಹುಟ್ಟಿದ ಮರಿಗಳೊಡನೆ ಆಡುತ್ತ ಕಲಿಯುತ್ತದೆ. ಆದ್ದರಿಂದ ಎಂಟು ವಾರ ತುಂಬುವ ಮುನ್ನ ತಾಯಿಯಿಂದ ಅಗಲಿಸಬಾರದು.

ಮಕ್ಕಳು ಚೀರಿ ಓಡಿದರೆ, ಲಂಗವನ್ನೋ ಚಡ್ಡಿಯನ್ನೋ ಹಿಡಿದ ಮರಿಯಿಂದ ಬಟ್ಟೆಯನ್ನು ಎಳೆದುಕೊಂಡರೆ, ಮರಿಗೆ ಅದೆಲ್ಲ ಆಟವೇ. ಕೈ ಕಟ್ಟಿಕೊಂಡು ಮರದಂತೆ ನಿಂತು ದೊಡ್ಡವರನ್ನು ಕೂಗಲು ಮಗುವಿಗೆ ಕಲಿಸಿರಿ. ದೊಡ್ಡವರು ಬಂದು, ಕಚ್ಚಲು ಹಗ್ಗದ ಆಟಿಕೆಯನ್ನು ಕೊಡಲಿ. ಹಲ್ಲು ಮೈಗೆ ತಗುಲಿದೊಡನೆ ಆಟ ನಿಲ್ಲಿಸಿ ಎದ್ದು ಹೋಗಲಿ. ಈ ನಿಯಮವನ್ನು ಮನೆಯವರೆಲ್ಲರೂ ಪಾಲಿಸಬೇಕು. ಹೊಡೆದರೆ ಮರಿ ಹೆದರುತ್ತದೆ. ಹೆದರಿದ ನಾಯಿ ನಿಜವಾಗಿಯೇ ಕಚ್ಚುತ್ತದೆ. ಉಣ್ಣುವಾಗ, ಮಲಗಿರುವಾಗ ಅದನ್ನು ಮುಟ್ಟಗೊಡಬೇಡಿ. ಎಳೆಯ ಮಗುವನ್ನೂ ಮರಿಯನ್ನೂ ಒಂಟಿಯಾಗಿ ಬಿಡಲೇಬೇಡಿ.

ಇಷ್ಟಾಗಿಯೂ ಹಲ್ಲು ಅಥವಾ ಉಗುರು ಗೀರಿದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ, ಅರಿಶಿನ ಯಾವುದೂ ಬೇಡ. ಅಂದೇ ಆಸ್ಪತ್ರೆಗೆ ಹೋಗಿರಿ; ತಡವಾಗಿದ್ದರೂ ಹೋಗಿರಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಹೇಳಿದ ದಿನಗಳಂದು ಲಸಿಕೆಯ ಎಲ್ಲ ಸರದಿಗಳನ್ನೂ ಪೂರೈಸಿರಿ. ಮರಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸುವುದರಿಂದ, ಅದಕ್ಕಿಂತ ಎಳೆಯದಾದ ಮರಿಯ ಗೀರನ್ನು ಹಗುರವಾಗಿ ಕಾಣಬೇಡಿ.

ಎಲ್ಲಕ್ಕಿಂತ ಮುಖ್ಯವಾದುದು, "ಕಚ್ಚಿತು" ಎಂದು ಹೇಳಿಕೊಂಡು ಬಂದ ಮಗುವನ್ನು ಗದರಿಸದಿರುವುದು. ಗದರಿಸಿದರೆ ಮುಂದಿನ ಗೀರನ್ನು ಅದು ಬಚ್ಚಿಡುತ್ತದೆ. ಆ ಹುಡುಗ ಲಸಿಕೆಯ ಎಲ್ಲ ಸರದಿಗಳನ್ನು ಮುಗಿಸಿದ್ದಾನೆ, ಮರಿಗೂ ಲಸಿಕೆಯಾಗಿದೆ. ಮೊನ್ನೆ ಬಂದವನು ಕೈ ಕಟ್ಟಿ ನಿಂತು, ತಾನು ಮರವಾಗುವುದು ಹೇಗೆಂದು ನಮಗೇ ತೋರಿಸಿದನು.